ತಪ್ಪು ಅಂತ ಗೊತ್ತಿದ್ದೂ ಕೈ ಯಾಕೆ ತಡೆಯಲ್ಲ?

ಪ್ರಶ್ನೆ: ನನಗೆ 44 ವರ್ಷ. ಚಳ್ಳಕೆರೆಯಲ್ಲಿ ಸೋದರಮಾವನ ಶೇಂಗಾ ಮಂಡಿಯಲ್ಲಿ ತೂಕದ ಕಡೆ ನಿಲ್ಲುವುದು ನನ್ನ ಕೆಲಸ. ಮಣ್ಣು, ತೇವ ಅಂತ ಕಳೆಯುವುದು ಕಳೆದ ಮೇಲೂ ಚೀಲಕ್ಕೆ ಒಂದೂವರೆ ಕೆಜಿ ಕಮ್ಮಿ ಬರೆಯುತ್ತೇವೆ. ಇದು ಮಾವನ ಕಾಲದಿಂದ ಬಂದಿದ್ದು. ನಾನು ಬೆಳಗ್ಗೆ ಪೂಜೆ ಆಗದೆ ಕಾಫಿ ಕೂಡ ಕುಡಿಯುವುದಿಲ್ಲ. ಶ್ರಾವಣದಲ್ಲಿ ದಾಸೋಹಕ್ಕೆ ಅಕ್ಕಿ ಕೊಡುತ್ತೇನೆ. ತಪ್ಪು ಅಂತ ಚೆನ್ನಾಗಿ ಗೊತ್ತು. ಆದರೂ ಕಾಟಾ ಮುಂದೆ ನಿಂತರೆ ಕೈ ತಾನಾಗಿ ಕಮ್ಮಿ ಬರೆಯುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ. ಬೇರೆ ಯಾರದೋ ವಿಷಯ ಅನ್ನೋ ಹಾಗೆ ಮನೆಯಲ್ಲಿ ಕೇಳಿದೆ. ಅಮ್ಮ 'ಪೂರ್ವಜನ್ಮದ ಕರ್ಮ' ಅಂದರು. ಪಕ್ಕದ ಅಂಗಡಿಯ ಭಾಯಿ 'ಅದು ನಫ್ಸ್, ಕೆಟ್ಟದ್ದಕ್ಕೆ ಎಳೆಯುವ ಒಳಮನಸ್ಸು' ಅಂದರು. ಬಿಎಸ್ಸಿ ಓದುವ ಮಗ 'ಆತ್ಮಸಾಕ್ಷಿ ಅನ್ನೋದೆಲ್ಲ ಮೆದುಳಿನ ರಾಸಾಯನಿಕ ಅಷ್ಟೇ' ಅಂದ. ಇವರಲ್ಲಿ ಯಾರ ಮಾತು ಸರಿ? ನನಗೆ ಆತ್ಮಸಾಕ್ಷಿಯೇ ಇಲ್ಲವೇ? ಕೆಲಸ ಬಿಟ್ಟುಬಿಡಲೇ?
— ಓದುಗರು, ಚಳ್ಳಕೆರೆ

ಉತ್ತರ: ಆತ್ಮಸಾಕ್ಷಿ ಇಲ್ಲವೇ ಅನ್ನುವ ಪ್ರಶ್ನೆಯನ್ನು ಮೊದಲು ಮುಗಿಸೋಣ. ಇದೆ. ಇಲ್ಲದಿದ್ದರೆ ಈ ಪತ್ರ ಬರುತ್ತಿರಲಿಲ್ಲ. ಚಿತ್ರದುರ್ಗದಲ್ಲಿ ಆಪ್ತಸಮಾಲೋಚನೆಗೆ ಕೂತು ಬಹಳ ವರ್ಷ ಆಯಿತು. ನಿಜಕ್ಕೂ ಆತ್ಮಸಾಕ್ಷಿ ಚುಚ್ಚದವರು ನನ್ನ ಹತ್ತಿರ ಬರುವುದೇ ಇಲ್ಲ. ಅವರ ಹೆಂಡತಿಯೋ, ಅವರಿಂದ ದುಡ್ಡು ಬರಬೇಕಾದವರೋ ಬರುತ್ತಾರೆ!

ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ನೋವು ಬೆರೆತುಹೋಗಿವೆ. 'ನಾನು ಮಾಡಿದ್ದು ತಪ್ಪು' ಅನ್ನುವುದು ಒಂದು. 'ನಾನೇ ಸರಿಯಿಲ್ಲ' ಅನ್ನುವುದು ಇನ್ನೊಂದು. ಮೊದಲನೆಯದು ಇದ್ದವರು ಸಾಮಾನ್ಯವಾಗಿ ತಪ್ಪನ್ನು ಸರಿಮಾಡುವ ಕಡೆ ಹೋಗುತ್ತಾರೆ. ಎರಡನೆಯದು ಜಾಸ್ತಿಯಾದವರು ಅಡಗಿಕೊಳ್ಳುತ್ತಾರೆ, ಸಿಡುಕುತ್ತಾರೆ, ಕೊನೆಗೆ ಇನ್ನೊಬ್ಬರ ಮೇಲೆ ಹಾಕುತ್ತಾರೆ. ಮನಃಶಾಸ್ತ್ರದ ಸಂಶೋಧನೆಯಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ನೀವು ಮೊದಲನೆಯದರಲ್ಲೇ ಇರಿ. ಅದು ಕೆಲಸಕ್ಕೆ ಬರುವ ನೋವು.

ಇನ್ನು, 'ಗೊತ್ತಿದ್ದೂ ಮಾಡುತ್ತೇನೆ' ಅನ್ನುವುದು ನಿಮ್ಮೊಬ್ಬರ ಕಾಯಿಲೆ ಅಂದುಕೊಂಡಿದ್ದೀರಿ. ಪಾಂಡವಗೀತೆಯಲ್ಲಿ ದುರ್ಯೋಧನನ ಬಾಯಲ್ಲಿ ಬರುವ ಮಾತು ಕೇಳಿ: 'ಧರ್ಮ ಯಾವುದು ಅಂತ ಗೊತ್ತು, ಅದರಲ್ಲಿ ತೊಡಗಲಾರೆ. ಅಧರ್ಮ ಯಾವುದು ಅಂತಲೂ ಗೊತ್ತು, ಅದನ್ನು ಬಿಡಲಾರೆ.' ಅವನು ದುರ್ಯೋಧನ, ಅದಕ್ಕೇ ಹಾಗೆ ಅಂದ ಅಂತ ತಳ್ಳಿಹಾಕುವ ಹಾಗಿಲ್ಲ. ಭಗವದ್ಗೀತೆಯ ಮೂರನೇ ಅಧ್ಯಾಯದಲ್ಲಿ ಅರ್ಜುನ ಕೇಳುವುದೂ ಇದನ್ನೇ: ಇಷ್ಟವಿಲ್ಲದಿದ್ದರೂ, ಯಾರೋ ಬಲವಂತವಾಗಿ ತಳ್ಳಿದ ಹಾಗೆ ಮನುಷ್ಯ ಪಾಪ ಮಾಡುತ್ತಾನಲ್ಲ, ಯಾಕೆ? ಒಂದನೇ ಶತಮಾನದಲ್ಲಿ ಕ್ರೈಸ್ತ ಸಂತ ಪೌಲ ರೋಮಿನವರಿಗೆ ಬರೆದ ಪತ್ರದಲ್ಲೂ ಇದೇ ಗೋಳು. ಮಾಡಬೇಕು ಅಂದುಕೊಂಡ ಒಳ್ಳೆಯದನ್ನು ಮಾಡುವುದಿಲ್ಲ, ಬೇಡ ಅಂದುಕೊಂಡ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ. ಹಸ್ತಿನಾವತಿಗೂ ರೋಮಿಗೂ ನಿಮ್ಮ ಮಂಡಿಗೂ ಈ ವಿಷಯದಲ್ಲಿ ಅಂತಹ ದೂರವೇನಿಲ್ಲ.

ಎಲ್ಲರೂ ಇದನ್ನು ಒಪ್ಪಿದರು ಅಂತಲ್ಲ. ಗ್ರೀಸಿನ ಸಾಕ್ರೆಟಿಸ್ 'ಗೊತ್ತಿದ್ದೂ ತಪ್ಪು ಮಾಡುವವನು ಇಲ್ಲವೇ ಇಲ್ಲ' ಅಂದ. ತಪ್ಪು ಮಾಡಿದ್ದಾನೆ ಅಂದರೆ ಅವನಿಗೆ ನಿಜವಾಗಿ ಗೊತ್ತಿಲ್ಲ ಅಂತ ಅವನ ವಾದ. ಕೇಳುವುದಕ್ಕೆ ಅತಿ ಅನಿಸುತ್ತದೆ. ಅರಿಸ್ಟಾಟಲ್ ಇದಕ್ಕೆ ಒಂದು ತಿದ್ದುಪಡಿ ಹಾಕಿದ. ಕುಡಿದವನು ದೊಡ್ಡ ಕವಿಯ ಸಾಲುಗಳನ್ನು ಹೇಳಬಲ್ಲ, ಆದರೆ ಆ ಹೊತ್ತಿನಲ್ಲಿ ಅವು ಅವನ ಒಳಗಿಲ್ಲ, ಬಾಯಲ್ಲಿವೆ. ಆಸೆ, ಸಿಟ್ಟು ಹತ್ತಿದವನ ತಿಳಿವಳಿಕೆಯೂ ಹಾಗೇ ಅಂದ. ನಿಮ್ಮ ಪ್ರಶ್ನೆಗೆ ಇದರಷ್ಟು ಹತ್ತಿರದ ಉತ್ತರ ನಾನು ಬೇರೆ ಕಂಡಿಲ್ಲ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ನಿಮಗೆ ತಪ್ಪು ಪೂರ್ತಿ ಗೊತ್ತು. ಬೆಳಗ್ಗೆ ಹನ್ನೊಂದಕ್ಕೆ ಹೊರಗೆ ನಾಲ್ಕು ಟ್ರ್ಯಾಕ್ಟರ್ ಸಾಲು ನಿಂತಿವೆ, ಹಮಾಲರು ಚೀಲ ಎತ್ತಿ ಎತ್ತಿ ಕಾಟಾ ಮೇಲೆ ಇಡುತ್ತಿದ್ದಾರೆ, ಒಳಗಿಂದ ಮಾವ ಬೇಗ ಬೇಗ ಅಂತಿದ್ದಾರೆ. ಆಗ ಅದೇ ತಿಳಿವಳಿಕೆ ಎಲ್ಲೋ ಮೂಲೆಯಲ್ಲಿ ಮಲಗಿರುತ್ತದೆ.

ಈಗ ನಿಮ್ಮ ಮನೆಯ ಮೂರು ಉತ್ತರಗಳಿಗೆ ಬರೋಣ.

ಅಮ್ಮ ಹೇಳಿದ ಕರ್ಮ. ಕರ್ಮ ಅಂದರೆ ಹಣೆಬರಹ, ನಮ್ಮ ಕೈಯಲ್ಲೇನೂ ಇಲ್ಲ ಅಂತ ಆಡುಮಾತಿನಲ್ಲಿ ಹೇಳುತ್ತೇವೆ. ಕರ್ಮವನ್ನು ನಂಬಿದ ಪರಂಪರೆಗಳು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅರ್ಜುನನ ಪ್ರಶ್ನೆಗೆ ಕೃಷ್ಣ ಹೋದ ಜನ್ಮವನ್ನು ತೋರಿಸಲಿಲ್ಲ. ಕಾಮ, ಕ್ರೋಧ ಅಂತ ಈಗ ಒಳಗಿರುವುದನ್ನೇ ತೋರಿಸಿದ. ಆರನೇ ಅಧ್ಯಾಯದಲ್ಲಿ, ಮನಸ್ಸನ್ನು ಹಿಡಿಯುವುದು ಕಷ್ಟ ಹೌದು, ಆದರೆ ಅಭ್ಯಾಸದಿಂದ, ವೈರಾಗ್ಯದಿಂದ ಆಗುತ್ತದೆ ಅಂದ. ಬುದ್ಧ ಕರ್ಮ ಅಂದರೆ ಉದ್ದೇಶವೇ ಅಂತ ಹೇಳಿದ. ಕರ್ಮದ ಲೆಕ್ಕವನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ಇಟ್ಟವರು ಜೈನರು. ಅವರ ತತ್ತ್ವಾರ್ಥಸೂತ್ರದಲ್ಲಿ ಕದಿಯದಿರುವ ವ್ರತಕ್ಕೆ ಎಲ್ಲೆಲ್ಲಿ ಧಕ್ಕೆ ಬರುತ್ತದೆ ಅನ್ನುವ ಪಟ್ಟಿ ಇದೆ. ಅದರಲ್ಲಿ ಸುಳ್ಳು ತೂಕ, ಸುಳ್ಳು ಅಳತೆ ಸೇರಿದೆ. ಅಂದರೆ ನೀವು ಮಾಡುವುದನ್ನು ಅವರು ಕಳ್ಳತನದ ಖಾತೆಗೇ ಬರೆದಿದ್ದಾರೆ. ಕಟುವಾಗಿ ಕೇಳಿಸಿದರೆ ಕ್ಷಮಿಸಿ, ಆದರೆ ನೀವು ಕೇಳಿದ್ದು ಅದನ್ನೇ ಅಲ್ವಾ?

ಕರ್ಮಕ್ಕೆ ಬಿಟ್ಟು ಕೂರುವವರಿಗೆ ನಮ್ಮ ಜಿಲ್ಲೆಯಲ್ಲೇ ಕಲ್ಲಿನ ಮೇಲೆ ಬರೆದ ಉತ್ತರ ಇದೆ. ಚಳ್ಳಕೆರೆಯಿಂದ ಪಕ್ಕದ ತಾಲ್ಲೂಕು, ಮೊಳಕಾಲ್ಮೂರಿನ ಬ್ರಹ್ಮಗಿರಿ. ಕ್ರಿಸ್ತಪೂರ್ವ ಮೂರನೇ ಶತಮಾನದ ಅಶೋಕನ ಶಾಸನ ಅದು. ಹತ್ತಿರದ ಸಿದ್ದಾಪುರ, ಜಟಿಂಗರಾಮೇಶ್ವರದಲ್ಲೂ ಇವೆ. ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯವನ್ನೇ ಹೇಳಿ ಅಂತ ಅದರಲ್ಲಿದೆ. ಇವೆಲ್ಲ ಎಲ್ಲರೂ ಹೇಳುವ ಮಾತೇ. ನನಗೆ ಹಿಡಿಸಿದ್ದು ಅದಕ್ಕೂ ಮೊದಲು ಬರುವ ಇನ್ನೊಂದು ಮಾತು. ಈ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಅಂತ ಸ್ವತಃ ಚಕ್ರವರ್ತಿಯೇ ಬರೆಸಿದ್ದಾನೆ. ಉತ್ತರ ಭಾರತದ ಒಂದು ಕಂಬಶಾಸನದಲ್ಲಿ ಇವನದೇ ಇನ್ನೊಂದು ಸೂಕ್ಷ್ಮ ಇದೆ. ಜನ ತಾವು ಮಾಡಿದ ಒಳ್ಳೆಯದನ್ನು ಮಾತ್ರ ನೋಡಿಕೊಳ್ಳುತ್ತಾರೆ, ಕೆಟ್ಟದ್ದನ್ನು 'ಇದು ನಾನು ಮಾಡಿದ್ದು' ಅಂತ ನೋಡಿಕೊಳ್ಳುವುದಿಲ್ಲ, ಹಾಗೆ ನೋಡಿಕೊಳ್ಳುವುದು ಕಷ್ಟ ಅಂತ. ಶ್ರಾವಣದ ಅಕ್ಕಿ ಪತ್ರದಲ್ಲಿ ಯಾಕೆ ಬಂತು ಅಂತ ಒಮ್ಮೆ ಯೋಚಿಸಿ. ಅದರ ವಿಷಯ ಮುಂದೆ ಹೇಳುತ್ತೇನೆ.

ಭಾಯಿ ಹೇಳಿದ ನಫ್ಸ್. ಅವರು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಮಗೆ ಮುಟ್ಟಿದೆ. ಕುರಾನಿನಲ್ಲಿ ನಫ್ಸ್‌ನ ಮೂರು ಸ್ಥಿತಿ ಬರುತ್ತವೆ. ಕೆಟ್ಟದ್ದಕ್ಕೆ ಎಳೆಯುವುದು, ತನ್ನನ್ನೇ ತಾನು ಬೈದುಕೊಳ್ಳುವುದು, ನೆಮ್ಮದಿಗೆ ಬಂದದ್ದು. ನೀವೀಗ ಎರಡನೆಯದರಲ್ಲಿದ್ದೀರಿ. 75ನೇ ಅಧ್ಯಾಯದ ಶುರುವಿನಲ್ಲಿ ಈ ಎರಡನೆಯದರ ಹೆಸರಿನಲ್ಲೇ ಆಣೆ ಬರುತ್ತದೆ. ಅಷ್ಟು ಗೌರವ ಅದಕ್ಕೆ. ಮುಂದಿನ ಸಲ ಭಾಯಿ ಸಿಕ್ಕರೆ 83ನೇ ಅಧ್ಯಾಯ ಏನು ಹೇಳುತ್ತದೆ ಅಂತ ಕೇಳಿ. ತಾನು ಅಳೆಸಿಕೊಳ್ಳುವಾಗ ಪೂರ್ತಿ ತಗೊಂಡು, ಕೊಡುವಾಗ ಕಮ್ಮಿ ಅಳೆಯುವವರಿಗೆ ಕೇಡು ಅಂತಲೇ ಅದು ಶುರುವಾಗುವುದು. ಯಹೂದಿಗಳ ಗ್ರಂಥದಲ್ಲೂ ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ತೂಕದ ಕಲ್ಲು ಇಟ್ಟುಕೊಳ್ಳಬೇಡ ಅಂತ ನೇರ ಕಟ್ಟಳೆ ಇದೆ. ತಕ್ಕಡಿಯ ಮುಂದೆ ಮನುಷ್ಯ ಹೇಗಿರುತ್ತಾನೆ ಅಂತ ಹಳೆಯವರಿಗೆ ಚೆನ್ನಾಗಿ ಗೊತ್ತಿತ್ತು.

ಮಗ ಹೇಳಿದ ಮೆದುಳು. ಅವನನ್ನು ಬೈಯಬೇಡಿ, ಅವನ ಮಾತಿನಲ್ಲಿ ಹುರುಳಿದೆ. ಬರೀ ತರ್ಕ ಮನುಷ್ಯನನ್ನು ಅಲುಗಾಡಿಸುವುದಿಲ್ಲ, ಭಾವನೆಯೇ ಅಲುಗಾಡಿಸುವುದು ಅಂತ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1739ರಲ್ಲೇ ವಾದಿಸಿದ್ದ. 2001ರಲ್ಲಿ ಜೊನಾಥನ್ ಹೈಟ್ ಎಂಬ ಮನಃಶಾಸ್ತ್ರಜ್ಞರು ಇದನ್ನೇ ಹೊಸದಾಗಿ ಮುಂದಿಟ್ಟರು. ಸರಿ ತಪ್ಪು ಅನ್ನುವ ತೀರ್ಮಾನ ಥಟ್ಟನೆ ಬರುತ್ತದೆ, ಕಾರಣಗಳನ್ನು ಆಮೇಲೆ ಹುಡುಕಿಕೊಳ್ಳುತ್ತೇವೆ ಅಂತ. ಆದರೆ ನಿಮ್ಮ ಸಂಕಟ ಮೆದುಳಿನಲ್ಲಿ ಹೇಗೆ ಹುಟ್ಟಿತು ಅನ್ನುವುದು ಒಂದು ಪ್ರಶ್ನೆ, ರೈತನಿಗೆ ನಷ್ಟ ಆಯಿತೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಲೆಕ್ಕ ಹಾಕಿ. 20 ಚೀಲ ತಂದವನಿಗೆ 30 ಕೆಜಿ ಹೋಯಿತು. ಕ್ವಿಂಟಲ್‌ಗೆ ಆರು ಸಾವಿರ ಅಂತ ಇಟ್ಟುಕೊಂಡರೂ 1800 ರೂಪಾಯಿ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಒಣಭೂಮಿಯವನಿಗೆ ಅದು ಎಷ್ಟು ಅಂತ ನಿಮಗೇ ಗೊತ್ತು. ಯಾವ ರಾಸಾಯನಿಕವೂ ಆ 1800ನ್ನು ವಾಪಸ್ ತರುವುದಿಲ್ಲ.

ಹಾಗಾದರೆ ಯಾರು ಸರಿ? ಮೂವರೂ ನಿಮ್ಮ ಒಳಗನ್ನು ನೋಡುತ್ತಿದ್ದಾರೆ. ನಾನು ಸ್ವಲ್ಪ ಹೊರಗೆ, ಕಾಟಾ ಸುತ್ತಮುತ್ತ ನೋಡಿ ಅನ್ನುತ್ತೇನೆ.

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನಡೆದ ಒಂದು ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಪಾದ್ರಿ ಆಗುವುದಕ್ಕೆ ಓದುತ್ತಿದ್ದ ಹುಡುಗರನ್ನು ಭಾಷಣ ಮಾಡುವುದಕ್ಕೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು. ಕೆಲವರ ವಿಷಯ ಬೈಬಲಿನ ಒಳ್ಳೆಯ ಸಮಾರ್ಯದವನ ಕಥೆ, ಅಂದರೆ ದಾರಿಯಲ್ಲಿ ಬಿದ್ದವನನ್ನು ನಿಂತು ಎತ್ತಿದವನ ಕಥೆ. ಹೋಗುವ ದಾರಿಯಲ್ಲೇ ಒಬ್ಬ ಕೆಮ್ಮುತ್ತಾ ಕುಸಿದು ಕೂತಿದ್ದ. ಅವಸರ ಇಲ್ಲದವರಲ್ಲಿ ನೂರಕ್ಕೆ 63 ಜನ ನಿಂತು ಸಹಾಯ ಮಾಡಿದರು. 'ಆಗಲೇ ತಡವಾಯಿತು, ಓಡಿ' ಅನ್ನಿಸಿಕೊಂಡವರಲ್ಲಿ ನೂರಕ್ಕೆ 10 ಜನ ಮಾತ್ರ. ಸಮಾರ್ಯದವನ ಬಗ್ಗೆ ಭಾಷಣ ತಲೆಯಲ್ಲಿ ಇದ್ದದ್ದರಿಂದ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಪ್ರಯೋಗ, 40 ಹುಡುಗರದ್ದು. ಅದರ ಮೇಲೆ ಇಡೀ ಲೋಕವನ್ನು ಕಟ್ಟುವುದು ಬೇಡ. ಆದರೆ ಅಕ್ಟೋಬರ್, ನವೆಂಬರ್‌ನಲ್ಲಿ ನಿಮ್ಮ ಮಂಡಿ ಹೇಗಿರುತ್ತದೆ ಅಂತ ನೋಡಿದವರಿಗೆ ಇದು ಅರ್ಥವಾಗುತ್ತದೆ.

ಅವಸರದ ಜೊತೆಗೆ ಇನ್ನೊಂದಿದೆ. ಆಲ್ಬರ್ಟ್ ಬಂಡುರಾ ಎಂಬ ಮನಃಶಾಸ್ತ್ರಜ್ಞರು ಒಳ್ಳೆಯ ಮನುಷ್ಯ ತನ್ನ ಆತ್ಮಸಾಕ್ಷಿಯ ಬಾಯಿ ಹೇಗೆ ಮುಚ್ಚಿಸುತ್ತಾನೆ ಅಂತ ಬಿಡಿಸಿ ಬರೆದರು. ಎಲ್ಲರೂ ಮಾಡುತ್ತಾರೆ. ಯಜಮಾನ ಹೇಳಿದ್ದು. ನಷ್ಟ ಅಂತಹದ್ದೇನಲ್ಲ. ರೈತರೂ ಮಣ್ಣು ಸೇರಿಸಿ ತರುತ್ತಾರೆ. ಇವುಗಳಲ್ಲಿ ಎರಡು ನಿಮ್ಮ ಪತ್ರದಲ್ಲೇ ಇವೆ, 'ಮಾವನ ಕಾಲದಿಂದ ಬಂದಿದ್ದು' ಮತ್ತು 'ಬರೆಯುತ್ತೇವೆ'. ಪೂಜೆ ಮಾಡುವವರು ನೀವೊಬ್ಬರೇ, ಕಮ್ಮಿ ಬರೆಯುವಾಗ ಮಾತ್ರ ಎಲ್ಲರೂ ಸೇರಿ!

ಇನ್ನು ಶ್ರಾವಣದ ಅಕ್ಕಿ. ಒಂದು ಒಳ್ಳೆಯ ಕೆಲಸ ಮಾಡಿದ ಮೇಲೆ ಮನಸ್ಸು ತನಗೆ ತಾನೇ ಸಣ್ಣದೊಂದು ರಿಯಾಯಿತಿ ಕೊಟ್ಟುಕೊಳ್ಳುತ್ತದೆ. ಸಂಶೋಧಕರು ಇದನ್ನು ಪರೀಕ್ಷಿಸಿದ್ದಾರೆ. ಮೊದಲು ಅಂದುಕೊಂಡಷ್ಟು ದೊಡ್ಡ ಪರಿಣಾಮ ಅಲ್ಲ ಅಂತ ನಂತರದ ಅಧ್ಯಯನಗಳು ಹೇಳಿವೆ. ಆದರೆ ಸಮಾಲೋಚನೆಯಲ್ಲಿ ಕೂತಾಗ ನಾನು ಇದನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಪೂಜೆ, ದಾನ ಬೂಟಾಟಿಕೆ ಅಂತ ನಾನು ಹೇಳುತ್ತಿಲ್ಲ. ನಿಜವಾದ ಭಕ್ತಿಯೇ ಇರಬಹುದು. ತೊಂದರೆ ಇಷ್ಟೇ: ಬಾಕಿ ಇರುವುದು ಒಂದು ಅಂಗಡಿಯಲ್ಲಿ, ನೀವು ಕಟ್ಟುತ್ತಿರುವುದು ಇನ್ನೊಂದು ಅಂಗಡಿಗೆ.

ಈ ಒಂದು ವಿಷಯದಲ್ಲಿ ಪರಂಪರೆಗಳು ಎಷ್ಟು ಗಟ್ಟಿ ನೋಡಿ. ಯಹೂದಿಗಳ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ ಹೇಳಿದೆ: ಪ್ರಾಯಶ್ಚಿತ್ತದ ದಿನ ದೇವರ ವಿಷಯದ ತಪ್ಪಿಗೆ ಸಾಕು, ಮನುಷ್ಯನಿಗೆ ಮಾಡಿದ ತಪ್ಪಿಗೆ ಆ ಮನುಷ್ಯನನ್ನು ಸಮಾಧಾನ ಮಾಡುವ ತನಕ ಸಾಲದು. ಇಸ್ಲಾಮಿನಲ್ಲೂ ಜನರ ಹಕ್ಕಿನ ವಿಷಯ ಬೇರೆ, ಅದನ್ನು ಆ ಜನರಿಗೇ ತೀರಿಸಬೇಕು. ನಮ್ಮ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ದಿನದ ಪ್ರಮಾಣಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. 'ಆಸೆಯೆಂಬುದು ಅರಸಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ', 'ಈಸಕ್ಕಿಯಾಸೆ ನಿಮಗೇಕೆ' ಅಂತ ಕೇಳಿ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಅಂತ ಕಳಿಸಿದಳು. ದಾನ ಕೊಡಿ ಅನ್ನಲಿಲ್ಲ. ಪೂಜೆ ಜಾಸ್ತಿ ಮಾಡಿ ಅನ್ನಲಿಲ್ಲ. ಎಲ್ಲಿಂದ ಬಂತೋ ಅಲ್ಲಿಗೆ. ಈ ಕಥೆಯನ್ನು ಆಸೆ ಕೆಟ್ಟದ್ದು ಅಂತ ಹೇಳುವುದಕ್ಕೆ ಬಳಸುತ್ತಾರೆ. ನನಗೆ ಕಾಣುವುದು ಬೇರೆ. ಮಾರಯ್ಯನಂಥ ಮಾರಯ್ಯನಿಗೂ ಮನೆಯಲ್ಲಿ ಕೇಳುವವರು ಒಬ್ಬರು ಬೇಕಾಯಿತು.

ನಿಮ್ಮ ಮನೆಯವರಿಗೆ ಈ ವಿಷಯ ಗೊತ್ತಾ? ಪತ್ರದಲ್ಲಿ ಅಮ್ಮ ಇದ್ದಾರೆ, ಮಗ ಇದ್ದಾನೆ, ಭಾಯಿ ಇದ್ದಾರೆ, ಹೆಂಡತಿಯ ಹೆಸರೇ ಇಲ್ಲ. ಅವರು ಇದ್ದಾರೆ ಅಂದರೆ, ಮೊದಲ ಕೆಲಸ ಅಲ್ಲೇ. ಅಪಾಯ ಇದೆ. ಅವರು ಗಾಬರಿಯಾಗಬಹುದು, 'ಮಾವನ ಅನ್ನ ತಿಂದು ಹೀಗಂತೀರಾ' ಅನ್ನಬಹುದು. ಆದರೆ ಒಬ್ಬರೇ ಇಟ್ಟುಕೊಂಡ ಗುಟ್ಟಿಗೆ ರಾತ್ರಿಯಲ್ಲಿ ಬಲ ಜಾಸ್ತಿ.

ಕೆಲಸ ಬಿಡುವುದು ಬೇಡ ಅಂತ ನಾನು ಹೇಳಲಾರೆ. ಅವಸರದಲ್ಲಿ ಮಾತ್ರ ಬೇಡ. 44ಕ್ಕೆ ಮನೆಯ ಆದಾಯ ನಿಲ್ಲಿಸಿ, ನಂಟಸ್ತಿಕೆ ಕೆಡಿಸಿಕೊಂಡು, ಪಕ್ಕದ ಮಂಡಿ ಸೇರಿ ಅಲ್ಲೂ ಅದೇ ಲೆಕ್ಕ ಇದ್ದರೆ ಏನು ಮಾಡುತ್ತೀರಿ? 'ನಾನು ಲೆಕ್ಕ ಬರೆಯುತ್ತೇನೆ, ತೂಕಕ್ಕೆ ಬೇರೆಯವರನ್ನು ಹಾಕಿ' ಅಂತ ಜಾಗ ಬದಲಿಸಿಕೊಳ್ಳುವವರೂ ಇದ್ದಾರೆ. ಅದರಲ್ಲಿ ನಿಮ್ಮ ಕೈ ತೊಳೆದ ಹಾಗಾಗುತ್ತದೆ, ರೈತನ ಚೀಲ ಅಲ್ಲೇ ಇರುತ್ತದೆ. ನಿದ್ದೆ ಬರಬಹುದು, ಆದರೆ ಅದು ನನಗೆ ಅಷ್ಟಾಗಿ ಇಷ್ಟವಾಗದ ದಾರಿ.

ನಾನು ಮೊದಲು ಯತ್ನಿಸಿ ಅನ್ನುವುದು ಮಾವನ ಜೊತೆ ಮಾತು. ಸೀಸನ್ ಶುರುವಾಗುವ ಮುಂಚೆ, ಮಂಡಿಯಲ್ಲಿ ಬೇಡ, ಮನೆಯಲ್ಲಿ. ಪಾಪ, ಪುಣ್ಯ ಎತ್ತಬೇಡಿ. ಹಿರಿಯರಿಗೆ ಉಪದೇಶ ಮಾಡಿದ ಹಾಗಾಗಿ ಮಾತು ಅಲ್ಲೇ ಮುರಿಯುತ್ತದೆ. 'ಮಾವ, ಈಗ ಎಲ್ಲರೂ ಮೊದಲೇ ಬೇರೆ ಕಡೆ ತೂಕ ಹಾಕಿಸಿಕೊಂಡು ಬರುತ್ತಾರೆ, ನಾಳೆ ಯಾರಾದರೂ ಫೋನಲ್ಲಿ ವಿಡಿಯೋ ಮಾಡಿದರೆ ನಮ್ಮ ಹೆಸರು ಹೋಗುತ್ತದೆ' ಅಂತ ಶುರುಮಾಡಿ. ಇದು ನಿಮ್ಮ ನಿಜವಾದ ಕಾರಣ ಅಲ್ಲ ಅಂತ ನಿಮಗನಿಸಬಹುದು. ನಿಜವಾದ ಕಾರಣವನ್ನೂ ಹೇಳಿ, ಕೊನೆಯಲ್ಲಿ, ಒಂದೇ ವಾಕ್ಯದಲ್ಲಿ: 'ನನಗೆ ನಿದ್ದೆ ಬರ್ತಿಲ್ಲ ಮಾವ.' ಅವರು ಒಪ್ಪದೆಯೂ ಇರಬಹುದು. ಆಗ ಬೇರೆ ಕೆಲಸ ಹುಡುಕುವುದಕ್ಕೆ ಶುರುಮಾಡಿ, ಸಿಕ್ಕಮೇಲೆ ಬಿಡಿ. ಹಾಗೆ ಬಿಟ್ಟರೆ ಅದು ಓಡಿಹೋದ ಹಾಗಲ್ಲ.

ಮಾವ ಒಪ್ಪಿದರೆ ಕಾಟಾದ ಅಂಕಿ ಕಾಣುವ ಪರದೆಯನ್ನು ರೈತನ ಕಡೆ ತಿರುಗಿಸಿ. ಚೀಲ ಕಾಟಾ ಮೇಲೆ ಬಂದ ಕೂಡಲೇ 'ಎಷ್ಟು ಬಂತು, ಓದಪ್ಪ' ಅಂತ ಅವನ ಬಾಯಿಂದಲೇ ಹೇಳಿಸಿ, ಆಮೇಲೆ ಬರೆಯಿರಿ. 'ಇನ್ನು ಮೇಲೆ ಪ್ರಾಮಾಣಿಕ ಆಗಿರುತ್ತೇನೆ' ಅನ್ನುವ ಸಂಕಲ್ಪಕ್ಕಿಂತ 'ಇದು ಆದ ಕೂಡಲೇ ಇದನ್ನು ಮಾಡುತ್ತೇನೆ' ಅನ್ನುವ ಸಣ್ಣ ನಿರ್ಧಾರ ಜಾಸ್ತಿ ನಿಲ್ಲುತ್ತದೆ. ಮನಃಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಅವರು 1999ರಲ್ಲಿ ಬರೆದ ಮೇಲೆ ಇದರ ಬಗ್ಗೆ ಬಹಳ ಕೆಲಸ ಆಗಿದೆ. ಗೋಡೆಗೆ 'ಸತ್ಯವೇ ದೇವರು' ಅಂತ ಬೋರ್ಡ್ ಹಾಕುವುದರಿಂದ ಏನಾದರೂ ಆಗುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಅರ್ಜಿಯ ಮೇಲ್ಭಾಗದಲ್ಲೇ ಪ್ರಾಮಾಣಿಕತೆಯ ಸಹಿ ಹಾಕಿಸಿದರೆ ಜನ ಸುಳ್ಳು ಹೇಳುವುದು ಕಮ್ಮಿಯಾಗುತ್ತದೆ ಅಂತ 2012ರಲ್ಲಿ ಒಂದು ಪ್ರಸಿದ್ಧ ಸಂಶೋಧನೆ ಬಂದಿತ್ತು. ಅದರ ಅಂಕಿಅಂಶವೇ ನಂಬುವಂಥದ್ದಲ್ಲ ಅಂತ ತಿಳಿದು 2021ರಲ್ಲಿ ಅದನ್ನು ವಾಪಸ್ ಪಡೆದರು. ಪ್ರಾಮಾಣಿಕತೆಯ ಮೇಲಿನ ಸಂಶೋಧನೆಗೇ ಈ ಗತಿ!

ಸಂಜೆಗೆ ಒಂದು ಅಭ್ಯಾಸ ಬೇಕು ಅಂದರೆ ಹನ್ನೊಂದನೇ ಶತಮಾನದ ಇಸ್ಲಾಂ ವಿದ್ವಾಂಸ ಅಲ್ ಘಜಾಲಿಯ ಸಲಹೆ ವ್ಯಾಪಾರದವರಿಗೆ ಸರಿಹೊಂದುತ್ತದೆ. ನಿನ್ನ ಮನಸ್ಸನ್ನು ವ್ಯಾಪಾರದ ಪಾಲುದಾರನ ಹಾಗೆ ನೋಡು ಅಂದ ಆತ. ಬೆಳಗ್ಗೆ ಷರತ್ತು ಹಾಕು, ಹಗಲು ಕಣ್ಣಿಡು, ರಾತ್ರಿ ಲೆಕ್ಕ ಕೇಳು. ಜೈನರ ಪ್ರತಿಕ್ರಮಣವೂ ಹೆಚ್ಚುಕಮ್ಮಿ ಹೀಗೇ. ಐದು ನಿಮಿಷ ಸಾಕು. ರಾತ್ರಿಯಿಡೀ ಹೊರಳಾಡುವುದನ್ನು ಅವರು ಯಾರೂ ಹೇಳಿಲ್ಲ.

ಹಳೆಯದನ್ನು ವಾಪಸ್ ಕೊಡುವ ವಿಷಯ ಕಷ್ಟದ್ದು. ನಿಮ್ಮ ಹತ್ತಿರ ಹಳೆಯ ಚೀಟಿ ಪುಸ್ತಕ ಇರುತ್ತದೆ, ಯಾರು ಎಷ್ಟು ಚೀಲ ತಂದರು ಅಂತ ಗೊತ್ತಾಗುತ್ತದೆ. ಮತ್ತೆ ಬರುವ ರೈತರಿಗೆ ಮುಂದಿನ ಲೆಕ್ಕದಲ್ಲಿ ಸೇರಿಸಿ ಕೊಡಬಹುದು. ಆದರೆ ಅದು ಮಾವನ ದುಡ್ಡು, ಅವರ ಒಪ್ಪಿಗೆ ಇಲ್ಲದೆ ಕೊಟ್ಟರೆ ಇನ್ನೊಂದು ತಪ್ಪಾಗುತ್ತದೆ. ನಿಮ್ಮ ಸಂಬಳದಿಂದ ಎಷ್ಟಾಗುತ್ತದೋ ಅಷ್ಟು ಕೊಡಬಹುದು. ತೂಕದಲ್ಲಿ ಮೋಸ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಕೆಳಗೆ ಅಪರಾಧ. ಹಾಗಾಗಿ ಏನನ್ನಾದರೂ ಬರೆದುಕೊಡುವ ಮುಂಚೆ ಒಬ್ಬ ವಕೀಲರ ಹತ್ತಿರ ಮಾತಾಡಿ. ಗುರುತೇ ಸಿಗದ ರೈತರ ಪಾಲನ್ನು ರೈತರಿಗೇ ಉಪಯೋಗವಾಗುವ ಕಡೆ ಕೊಡಿ. ದಾನಕ್ಕೆ ಜಾಗ ಬರುವುದು ಆಗ, ಅದಕ್ಕೂ ಮುಂಚೆ ಅಲ್ಲ.

ಒಂದು ಎಚ್ಚರಿಕೆ. ಕೆಲವರಲ್ಲಿ ಈ ಪಾಪಭಯವೇ ಕಾಯಿಲೆಯಾಗುತ್ತದೆ. ಪೂಜೆ ಸರಿಯಾಗಲಿಲ್ಲ ಅಂತ ಮತ್ತೆ ಮತ್ತೆ ಶುರುಮಾಡುವುದು, ಆಗದ ತಪ್ಪನ್ನೂ ಆಗಿದೆ ಅಂದುಕೊಳ್ಳುವುದು, ಹತ್ತು ಜನರ ಹತ್ತಿರ 'ನನ್ನದು ತಪ್ಪಿಲ್ಲ ತಾನೇ' ಅಂತ ಕೇಳುತ್ತಲೇ ಇರುವುದು. ಅದು ಭಕ್ತಿ ಜಾಸ್ತಿಯಾದ ಲಕ್ಷಣ ಅಲ್ಲ, ಚಿಕಿತ್ಸೆ ಇರುವ ಗೀಳು. ನಿಮ್ಮ ಪತ್ರದಲ್ಲಿ ನನಗೆ ಅದು ಕಾಣಲಿಲ್ಲ. ನಿಮ್ಮ ತಪ್ಪು ನಿಜವಾದದ್ದು, ಅಳತೆಗೆ ಸಿಗುವಂಥದ್ದು, ಒಂದೂವರೆ ಕೆಜಿ. ಆದರೆ ತೂಕ ಸರಿಯಾದ ಮೇಲೂ ಎರಡು ವಾರ ನಿದ್ದೆ ಬರಲಿಲ್ಲ, ಊಟ ಸೇರಲಿಲ್ಲ, ಬದುಕೇ ಬೇಡ ಅನಿಸಿತು ಅಂದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ಕೊನೆಯದು ಅನಿಸಿದರೆ ಎರಡು ವಾರ ಕಾಯಲೇಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.